ರಾಯದುರ್ಗದಲ್ಲಿ ವೈಪರ್ ನಿಂತಾಗ

ಬಳ್ಳಾರಿ ಬಿಟ್ಟಾಗ ಮೋಡ ಇತ್ತು, ಮಳೆ ಇರಲಿಲ್ಲ.
ನಮ್ಮ ಕಡೆ ಮೋಡ ಅಂದರೆ ಬರೀ ಮಾತಿನ ನೆಂಟ,
ಎಲೆ ಹಾಕುವಷ್ಟರಲ್ಲಿ ಎದ್ದು ಹೋಗುವವ.
ಅದಕ್ಕೇ ಹಂಪಮ್ಮ ಒಂದೇ ಕೊಡೆ ತಂದಿದ್ದಳು,
ಅದೂ ವಾರ್ಡಿನಲ್ಲಿ ಯಾರೋ ಮರೆತು ಹೋದದ್ದು,
ಹಿಡಿಯ ಮೇಲೆ ಪ್ಲಾಸ್ಟರ್ ಅಂಟಿಸಿ ಬರೆದಿದೆ:
ಬೆಡ್ ಹದಿನೇಳು.

ಇಬ್ಬರಿಗೂ ಮೂರು ದಿನ ರಜೆ.
ರಾತ್ರಿಪಾಳಿಯ ನಿದ್ದೆ ಇನ್ನೂ ಬಾಕಿ.
ನಲವತ್ತಾರಕ್ಕೆ ಕಲಿತ ಡ್ರೈವಿಂಗು,
ಯಾರೋ ಓಡಿಸಿ ಬಿಟ್ಟ ಮಾರುತಿ,
ಲೇಪಾಕ್ಷಿ ನೋಡಬೇಕು. ಯೋಜನೆ ಅಷ್ಟೇ.

ರಾಯದುರ್ಗದ ಹೊರಗೆ ಆಕಾಶ ಕೊಡ ಬೋರಲು ಹಾಕಿತು.
ವೈಪರು ಎರಡು ಸಲ ಆಡಿ
ಮೂರನೇ ಸಲ ಗಾಜಿನ ನಡುವೆ ನಿಂತುಬಿಟ್ಟಿತು,
ಕೇಳಲು ಎದ್ದು ಪ್ರಶ್ನೆ ಮರೆತ ಹುಡುಗನ ಕೈ ಹಾಗೆ.

ಖಾಜಾಹುಸೇನ್ ಬಾನೆಟ್ಟಿನೊಳಗೆ ತಲೆ ಮಾತ್ರ ಇಟ್ಟು,
ಬೆನ್ನು ಮಳೆಗೆ ಕೊಟ್ಟು, ಹೇಳಿದ:
'ಮೋಟರ್ ಹೋಗೈತಕ್ಕಾ. ಬಳ್ಳಾರಿಯಿಂದ ಬಸ್ಸಿಗೆ ಹಾಕಿಸ್ತೀನಿ.
ಮೂರು ತಾಸು. ಅಲ್ಲೀತನ ಊರು ನೋಡ್ರಿ.'
'ಏನೈತೆ ನೋಡೋಕೆ?'
'ಕೋಟೆ' ಅಂತ ಸ್ಪ್ಯಾನರಿನಲ್ಲಿ ತೋರಿಸಿದ.
ತೋರಿಸಿದ ಕಡೆ ಬೂದಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

ಒಂದು ಕೊಡೆ, ಎರಡು ಭುಜ ಒದ್ದೆ.
ಕಲ್ಲು ಹಾಸಿದ ಓಣಿ, ಬಗ್ಗಿದ ಬಾಗಿಲುಗಳು,
ಹೊಸಿಲಿಗೆ ಅಂಟಿ ನಿಂತ ಮೇಕೆಗಳು.
ಅಂಗಡಿ ಬೋರ್ಡುಗಳ ಅಕ್ಷರ ನಮ್ಮವೇ,
ತಲೆಕಟ್ಟು ಮಾತ್ರ ಬೇರೆ;
ಚಿಕ್ಕಮ್ಮ ಸೆರಗು ಆ ಭುಜಕ್ಕೆ ಹಾಕಿ ಬಂದ ಹಾಗೆ
ಒಂದು ಗಳಿಗೆ ತಡೆದು ಗುರುತು ಸಿಗುತ್ತದೆ.

ಚರಂಡಿಯಲ್ಲಿ ನೀಲಿ ನೀರು.
'ಏನೇ ಇದು?' ಅಂತ ಹಂಪಮ್ಮ ಬಗ್ಗಿ ನೋಡಿದಳು,
ಮೂತ್ರದ ಬಾಟಲಿ ನೋಡುವ ಅದೇ ಕಣ್ಣಲ್ಲಿ.
ಕೋಟೆ ಬಿಟ್ಟೆವು. ನೀಲಿಯ ಹಿಂದೆ ಹೋದೆವು,
ಮೇಲಕ್ಕೆ, ಎಡಕ್ಕೆ, ಒಂದು ಬಾವಿ ಸುತ್ತಿ,
ಮತ್ತೆ ಮೇಲಕ್ಕೆ.

ಒಂದು ಮನೆ. ಒಳಗೆ ಆರು ಹೊಲಿಗೆ ಮಿಷನ್ನು,
ನಡುವೆ ಜೀನ್ಸ್ ಪ್ಯಾಂಟುಗಳ ಗುಡ್ಡೆ,
ಒಂದಕ್ಕೂ ಜೇಬಿಲ್ಲ.
ಸೂರಿನಡಿ ಇಟ್ಟ ಬಟ್ಟೆಗಂಟು ನೆನೆದು
ಬಣ್ಣ ಬಿಡುತ್ತಿತ್ತು ಓಣಿಗೆ.
'ರಾಂಡಿ, ರಾಂಡಿ, ನೆಂದೀರಿ ಒಳಗ ಬರ್ರಿ' ಅಂದಳು ಓಬುಳಮ್ಮ.
ಒಂದೇ ಉಸಿರಲ್ಲಿ ಎರಡು ಭಾಷೆ, ನಡುವೆ ಹೊಲಿಗೆ ಕಾಣದು.

ಎಲ್ಲರ ಬೆರಳೂ ನೀಲಿ,
ಈಗಷ್ಟೇ ವೋಟು ಹಾಕಿ ಬಂದವರ ಹಾಗೆ,
ಹತ್ತೂ ಬೆರಳಿಗೆ.

ಕರೆಂಟು ಹೋಯಿತು.
ಆರು ಮಿಷನ್ನು ಸುಮ್ಮನಾದ ಮೇಲೆ ತಿಳಿಯಿತು
ತಗಡಿನ ಮೇಲೆ ಮಳೆ ಎಷ್ಟು ಜೋರಿದೆ ಅಂತ.
ಯಾರೂ ಮಾತಾಡಲಿಲ್ಲ.
ಮೂಲೆಯ ಹುಡುಗಿ ಕತ್ತರಿ ಕೆಳಗಿಟ್ಟು
ಎರಡೂ ಕೈ ಕುತ್ತಿಗೆಯ ಹಿಂದೆ ಕಟ್ಟಿ
ಆಕಳಿಸಿದಳು, ಬೆಕ್ಕಿನಷ್ಟು ನಿಧಾನಕ್ಕೆ.

ಹಂಪಮ್ಮನ ಕಣ್ಣು ಮಾತ್ರ ಓಬುಳಮ್ಮನ ಹೆಬ್ಬೆರಳ ಮೇಲೆ.
'ಸೂಜಿ ಹೊಕ್ಕಿದ್ದು ಯಾವಾಗ?'
'ಸೋಮವಾರ. ತಾನೇ ಹೋಗ್ತೈತೆ ಬಿಡ್ರಿ.'
'ಟಿಟಿ ಹಾಕಿಸಿಕೊಂಡಿಯಾ?'
ಉತ್ತರದ ಬದಲು ನಗು.
ಮೇಣದಬತ್ತಿಯ ಬೆಳಕಲ್ಲಿ
ವ್ಯಾನಿಟಿ ಬ್ಯಾಗಿನ ಡೆಟಾಲು, ಹತ್ತಿ, ಬ್ಯಾಂಡೇಜು ಹೊರಬಂದವು.
ಲಿಪ್‌ಸ್ಟಿಕ್ಕು ಇರುವ ಜಾಗ ಅದು. ನಮ್ಮ ರಜೆಗಳು ಹೀಗೆ.
ಒತ್ತಿದಾಗ ಬಂದ ಕೀವು ಬಿಳಿ; ರಕ್ತ ಕೆಂಪು;
ಸುತ್ತಲಿನ ಚರ್ಮ ಎಷ್ಟು ಒರೆಸಿದರೂ ನೀಲಿ.
'ನಾಳೆ ಆಸ್ಪತ್ರೆಗೆ ಹೋಗು' ಅಂದಳು.
'ನಾಳೆ ನಾನೂರು ಜೇಬು ಕೊಡಬೇಕು' ಅಂದಳು ಓಬುಳಮ್ಮ.
ಇಬ್ಬರೂ ಸರಿ ಅನ್ನುವಂತೆ ತಲೆಯಾಡಿಸಿದರು.
ನಾನು ಮೇಣದ ಹನಿಗಳನ್ನು ಎಣಿಸುತ್ತಿದ್ದೆ.

ಹೊರಡುವಾಗ ಕೈಗೆ ತುರುಕಿದಳು
ಹೊಲಿಯದ ಜೇಬಿನ ಎರಡು ತುಂಡು:
'ಕಾರಿನ ಗಾಜು ಒರಸಾಕೆ.'

ಲೇಪಾಕ್ಷಿ ಇನ್ನು ಕತ್ತಲಾಗುತ್ತಿತ್ತು. ವಾಪಸು ತಿರುಗಿಸಿದೆ.
ವೈಪರು ಹೊಸ ಸೊಸೆಯ ಹಾಗೆ ಚುರುಕು.
ಒಳಗಿನ ಮಂಜು ಒರೆಸಿದಲ್ಲೆಲ್ಲ
ಗಾಜಿಗೆ ತೆಳು ನೀಲಿ ಗೀರು ಉಳಿಯಿತು.
ಊರ ಕೊನೆಯ ತಿರುವಿನಲ್ಲಿ, ಎದುರಿಗೆ ಲಾರಿ,
ಗೇರು ಸಿಕ್ಕಿಕೊಂಡು ಕಿರುಚುವಾಗ
ಹಂಪಮ್ಮ ಹಿಂದಕ್ಕೆ ತಿರುಗಿ ಕೂಗಿದಳು:
'ಏ, ಕೋಟೆ! ಕೋಟೆ ಕಾಣ್ತಾ ಐತೆ ನೋಡೇ!'

ನೋಡಲಿಲ್ಲ. ಲಾರಿ ನೋಡಿದೆ.
ಕನ್ನಡಿ ನೋಡುವಷ್ಟರಲ್ಲಿ ಮತ್ತೆ ಬೂದಿ.

ಒಂದೆರಡು ಮೈಲಿ ಆದ ಮೇಲೆ ಕೇಳಿದೆ,
'ಹೆಂಗಿತ್ತು?'
ಕಾಲು ಮೇಲೆ ಮಡಚಿಕೊಂಡು, ಕಣ್ಣು ಮುಚ್ಚಿ,
'ಒದ್ದೆಯಾಗಿತ್ತು' ಅಂದಳು.
ಮುಂದಿನ ಊರು ಬರುವ ಮುಂಚೆ ಗೊರಕೆ.